ಇಳಕಲ್ಲಿನಲ್ಲಿ ತೊಂಬತ್ತನಾಲ್ಕು

ಮಾರ್ಚ್ ಬಂದು ನಮ್ಮ ಇಳಕಲ್ಲಿನ ಬಿಸಿಲು ಚುರುಗುಟ್ಟತೊಡಗಿದರೆ ನಾನು 'ಗ್ಯಾಂಗ್ ಸ್ಟಾರ್' ಹಚ್ಚುತ್ತೇನೆ. ಏಪ್ರಿಲಿನ ಮೂರನೇ ವಾರ ನಾಸ್‌ನ ಪಾಳಿ, ಅದರ ಬೆನ್ನಿಗೇ ಔಟ್‌ಕಾಸ್ಟ್. ಮೇ ತಿಂಗಳ ಕೊನೆಗೆ ಜೆರು ದ ಡಮಾಜ. ಸೆಪ್ಟೆಂಬರಿನಲ್ಲಿ ನಟೋರಿಯಸ್ ಬಿಐಜಿ, ಅಕ್ಟೋಬರಿನಲ್ಲಿ ಸ್ಕಾರ್‌ಫೇಸ್ ಮತ್ತು ಕಾಮನ್. ಚಳಿ ಬಿದ್ದು ಹೊದಿಕೆ ಹೊರತೆಗೆಯುವ ಹೊತ್ತಿಗೆ ಮೆಥಡ್ ಮ್ಯಾನ್. 1994ರಲ್ಲಿ ಹೊರಬಂದ ಹಿಪ್ ಹಾಪ್ ಆಲ್ಬಮ್ಮುಗಳನ್ನು ಬಂದ ಕ್ರಮದಲ್ಲೇ, ಬಂದ ತಿಂಗಳಲ್ಲೇ ಕೇಳುವುದು ನನ್ನ ಚಟ. ಸೆಪ್ಟೆಂಬರಿನದನ್ನು ಜೂನಿನಲ್ಲಿ ಮುಟ್ಟುವಂತಿಲ್ಲ. ಈ ನೇಮವನ್ನು ಯಾರೂ ಹೇರಿದ್ದಲ್ಲ, ನಾನೇ ಹಾಕಿಕೊಂಡದ್ದು. ಅದಕ್ಕೇ ಮುರಿಯಲು ಮನಸ್ಸು ಬರುವುದಿಲ್ಲ.

ಆ ವರ್ಷ ಇವುಗಳಲ್ಲಿ ಒಂದೂ ನಮ್ಮ ಊರಿನತ್ತ ಸುಳಿಯಲಿಲ್ಲ. ಆಗ ಬಾಗಲಕೋಟೆ ಇನ್ನೂ ಜಿಲ್ಲೆಯೇ ಆಗಿರಲಿಲ್ಲ. 1997ರವರೆಗೂ ನಾವು ವಿಜಾಪುರ ಜಿಲ್ಲೆಯವರು. ಕ್ಯಾಸೆಟ್ಟಿನ ಅಂಗಡಿಯಲ್ಲಿ ಭಜನಾ ಪದ, ಗೀಗೀ ಪದ, ಡಾ. ರಾಜ್ ಹಾಡು, ಹಿಂದಿ ಹಾಡು. ರ‍್ಯಾಪ್ ಅಂತ ನಮ್ಮ ಕಿವಿಗೆ ಬಿದ್ದಿದ್ದರೆ ಅದು ಬಾಬಾ ಸೆಹಗಲ್, ಇಲ್ಲವೆ ತಮಿಳಿನ 'ಕಾದಲನ್' ಚಿತ್ರದ 'ಪೇಟ್ಟೈ ರ‍್ಯಾಪ್'. ಆ ಚಿತ್ರ ಬಂದದ್ದೂ 1994ರ ಸೆಪ್ಟೆಂಬರಿನಲ್ಲೇ. ಎ.ಆರ್. ರೆಹಮಾನ್ ಸಂಗೀತ, ತೆರೆಯ ಮೇಲೆ ನಮ್ಮ ಮೈಸೂರಿನ ಪ್ರಭುದೇವ. ನ್ಯೂಯಾರ್ಕಿನಲ್ಲಿ ನಟೋರಿಯಸ್ ಬಿಐಜಿ ಅರ್ಥಾತ್ ಬಿಗ್ಗಿಯ 'ರೆಡಿ ಟು ಡೈ' ಅಂಗಡಿಗೆ ಬಂದದ್ದು ಅದೇ ತಿಂಗಳ 13ಕ್ಕೆ. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ, ಮಜಾ ಇದೆ.

ನನಗೆ ಈ ಆಲ್ಬಮ್ಮುಗಳು ಸಿಕ್ಕದ್ದು ಎಷ್ಟೋ ತಡವಾಗಿ, ಬಾಗಲಕೋಟೆಯ ಹಾಸ್ಟೆಲಿನಲ್ಲಿ, ಎಂಪಿ3 ಸಿಡಿಯ ರೂಪದಲ್ಲಿ. ನೂರಾರು ಹಾಡು ಒಂದೇ ತಟ್ಟೆಯಲ್ಲಿ ಕಲಸುಮೇಲೋಗರವಾಗಿದ್ದವು. ಯಾರು ಮೊದಲು, ಯಾರು ನಂತರ, ಯಾವುದೂ ತಿಳಿಯದು. ಈ ಗೋಜಲು ಬಿಡಿಸಲಿಕ್ಕೆಂದೇ ತಾರೀಖು ಹುಡುಕತೊಡಗಿದೆ. ಹುಡುಕುತ್ತ ಹೋದಂತೆ, ಬಿಡಿ ಹಾಡು ಕೇಳುವುದಕ್ಕಿಂತ ಒಂದಿಡೀ ವರ್ಷವನ್ನು ಕೇಳುವುದರಲ್ಲಿ ಹೆಚ್ಚು ಸುಖವಿದೆ ಎನಿಸಿತು.

ಆ ಸುಖ ಎಂಥದು ಎಂದು ತಿಳಿಯಲು ಒಬ್ಬನ ಬೆನ್ನು ಹತ್ತಿದರೆ ಸಾಕು. ಡಿಜೆ ಪ್ರೀಮಿಯರ್ ಎಂಬಾತ ಗ್ಯಾಂಗ್ ಸ್ಟಾರ್ ಜೋಡಿಯಲ್ಲಿ ತಾಳ-ಸಂಗೀತ ಕಟ್ಟುವವನು. ಮಾರ್ಚಿನಲ್ಲಿ ತನ್ನ ಜೋಡಿಯದೇ 'ಹಾರ್ಡ್ ಟು ಅರ್ನ್' ತಂದ. ಏಪ್ರಿಲ್ 19ಕ್ಕೆ ಬಂದ ನಾಸ್‌ನ 'ಇಲ್‌ಮ್ಯಾಟಿಕ್'ನಲ್ಲಿ ಮೂರು ಹಾಡು ಅವನವು. ಮೇ ತಿಂಗಳಲ್ಲಿ ಜೆರುವಿನ 'ದ ಸನ್ ರೈಸಸ್ ಇನ್ ದ ಈಸ್ಟ್' ಇಡಿಯಾಗಿ ಅವನ ಕೈಕೆಲಸ. ಸೆಪ್ಟೆಂಬರಿನಲ್ಲಿ ಬಿಗ್ಗಿಯ ಆಲ್ಬಮ್ಮಿನ 'ಅನ್‌ಬಿಲೀವಬಲ್' ಕೂಡ ಅವನದೇ. ಕೈ ಒಂದೇ, ಕಂಠ ನಾಲ್ಕು. ಜೋಡಿಯ ಇನ್ನೊಬ್ಬ, ಗುರು ಎಂಬ ರ‍್ಯಾಪರ್‌ನ ಮೆತ್ತನೆಯ ಏಕಸ್ವರಕ್ಕೆ ಒಂದು ರೀತಿ ತಾಳ ಕೊಟ್ಟವನು ನಾಸ್‌ನ ಎಡೆಬಿಡದ ಮಾತಿನ ಓಟಕ್ಕೆ ಪಿಯಾನೊದ ಒಂದು ಚೂರನ್ನಷ್ಟೇ ಕೊಟ್ಟು ಸುಮ್ಮನಾಗಿದ್ದಾನೆ. ಜೆರುವಿಗಾದರೆ ಕಿವಿ ಕೆರೆಯುವಂಥ ಒರಟು ಸದ್ದು. ಬಿಡಿಯಾಗಿ ಕೇಳಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. ತಿಂಗಳಿನ ಹಿಂದೆ ತಿಂಗಳು ಇಟ್ಟು ಕೇಳಿದಾಗ ಅವನು ಪ್ರತಿ ಕಂಠಕ್ಕೂ ಕೈ ಹದಮಾಡಿಕೊಳ್ಳುವುದು ಗೊತ್ತಾಗುತ್ತದೆ.

'ಇಲ್‌ಮ್ಯಾಟಿಕ್' ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹತ್ತೇ ತುಣುಕು, ನಲವತ್ತು ನಿಮಿಷದ ಒಳಗೆ. ಇಳಕಲ್ ನಿಲ್ದಾಣದಲ್ಲಿ ಬಾಗಲಕೋಟೆ ಬಸ್ ಹತ್ತಿ ಶುರು ಮಾಡಿದರೆ ಹುನಗುಂದ ದಾಟಿ, ಕರದಂಟಿನ ಅಮೀನಗಡದ ಹತ್ತಿರ ಮುಗಿಯುತ್ತದೆ. ನಾಸ್‌ಗೆ ಆಗ ಇಪ್ಪತ್ತು ವರ್ಷ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರಕಾರಿ ವಸತಿಯ ಹುಡುಗ. ಅದುವರೆಗೆ ಒಂದು ಆಲ್ಬಮ್ಮಿನ ಸಂಗೀತವನ್ನು ಬಹುಮಟ್ಟಿಗೆ ಒಬ್ಬನೋ ಒಂದು ತಂಡವೋ ಕಟ್ಟುವುದು ವಾಡಿಕೆ. ಇವನಿಗೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್ ಎಲ್ಲರೂ ಕೈಜೋಡಿಸಿದರು. ಮೂರನೇ ಹಾಡಿನ ಕೊನೆಗೆ ಒಂದು ಕಾರ್ನೆಟ್ ವಾದ್ಯ ತೇಲಿ ಬರುತ್ತದೆ. ನುಡಿಸಿದವರು ನಾಸ್‌ನ ತಂದೆ ಓಲು ಡಾರಾ, ಜಾಜ್ ಕಲಾವಿದ. ಮಗನ ಮಾತು ನಿಂತ ಮೇಲೆ ತಂದೆಯ ಉಸಿರು ಶುರುವಾಗುವ ಆ ಜಾಗಕ್ಕೆ ನಾನು ಬಸ್ಸಿನ ಕಿಟಕಿ ಮುಚ್ಚುತ್ತೇನೆ. ಗಾಳಿಯ ಸದ್ದಿನಲ್ಲಿ ಅದು ಕಳೆದುಹೋಗಬಾರದು.

ಈ ಸಂಗೀತ ಕಟ್ಟುವ ಬಗೆಯೇ ವಿಚಿತ್ರ. 1973ರ ಆಗಸ್ಟ್ 11ರಂದು ಬ್ರಾಂಕ್ಸಿನ ಒಂದು ವಸತಿ ಕಟ್ಟಡದ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನೊಳಗಿನ ಡ್ರಮ್ಮಿನ ತುಣುಕನ್ನಷ್ಟೇ ಎರಡು ರೆಕಾರ್ಡ್ ಪ್ಲೇಯರುಗಳಲ್ಲಿ ಮತ್ತೆ ಮತ್ತೆ ತಿರುಗಿಸಿ ಉದ್ದ ಮಾಡಿದನಂತೆ. ಅಲ್ಲಿಂದ ಹಿಪ್ ಹಾಪಿನ ಲೆಕ್ಕ ಶುರು. 1987ಕ್ಕೆ ಎಸ್‌ಪಿ-1200 ಎಂಬ ಯಂತ್ರ ಬಂತು. ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಎಲ್ಲ ಕೂಡಿ ಸುಮಾರು 10 ಸೆಕೆಂಡಿನ ಸದ್ದು. ಹತ್ತು ಸೆಕೆಂಡಿನಲ್ಲಿ ಏನು ಮಾಡುತ್ತೀರಿ? ಹುಡುಗರು ಉಪಾಯ ಕಂಡುಕೊಂಡರು. 33ರ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ, ಗಡಿಬಿಡಿಯ ಆ ಸದ್ದನ್ನು ಯಂತ್ರಕ್ಕೆ ತುಂಬಿ, ಒಳಗೆ ಮತ್ತೆ ನಿಧಾನ ಮಾಡುವುದು. ಜಾಗ ಉಳಿಯಿತು, ಸದ್ದು ಮಾತ್ರ ತುಸು ಒಡೆದು ಮರಳುಮರಳಾಯಿತು. ಆ ಕಾಲದ ಹಾಡುಗಳಲ್ಲಿ ನಾವು ಇಷ್ಟಪಡುವ ದೊರಗು ಎಷ್ಟೋ ಮಟ್ಟಿಗೆ ಈ ಜಿಪುಣತನದ ಕೂಸು.

ನಮ್ಮ ಓಣಿಯಲ್ಲಿ ಕುಣಿಮಗ್ಗದ ಮುಂದೆ ಕೂತವರನ್ನು ನೋಡಿದ್ದರೆ ಇದು ಇನ್ನೂ ಬೇಗ ತಿಳಿಯುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿದ ಮೇಲೇ ಕೆಂಪು ಸೆರಗು ಏಳುವುದು. ಕೂಡಿಸಿದ ಜಾಗ ಕಣ್ಣಿಗೆ ಕಾಣುತ್ತದೆ, ಮುಚ್ಚುವ ಹಟ ಯಾರಿಗೂ ಇಲ್ಲ. ಪೀಟ್ ರಾಕ್ ಅಹ್ಮದ್ ಜಮಾಲ್‌ನ ಪಿಯಾನೊವನ್ನು ನಾಸ್‌ನ ಹಾಡಿಗೆ ಕೂಡಿಸಿದ್ದೂ ಹಾಗೆಯೇ.

ಎರವಲಿನ ವಿಷಯದಲ್ಲಿ ನಮ್ಮ ಕಡೆ ಯಾವತ್ತೂ ಮುಜುಗರವಿರಲಿಲ್ಲ. ಹಳೆಯ ಭಜನಾ ಪದದ, ನಾಟಕದ ಪದಗಳ ಪುಸ್ತಕ ತೆರೆದರೆ ಪದದ ನೆತ್ತಿಯ ಮೇಲೆ 'ಧಾಟಿ' ಎಂದು ಅಚ್ಚು ಹಾಕಿ, ಯಾವ ಸಿನಿಮಾ ಹಾಡಿನ ಮಟ್ಟು ಎಂದು ಬರೆದೇ ಬಿಡುತ್ತಿದ್ದರು. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಲ್ಲಂತೂ ಆ ವರ್ಷದ ಸಿನಿಮಾ ಮಟ್ಟಿಗೆ ಹೊಸ ಮಾತು ತೊಡಿಸದಿದ್ದರೆ ಜನಕ್ಕೆ ಸಮಾಧಾನವಿಲ್ಲ. ಅಮೆರಿಕದಲ್ಲಿ ಇದು ಕೋರ್ಟಿಗೆ ಹೋಯಿತು. 1991ರ ಡಿಸೆಂಬರಿನಲ್ಲಿ ರ‍್ಯಾಪರ್ ಬಿಜ್ ಮಾರ್ಕಿಯ ವಿರುದ್ಧ ಬಂದ ತೀರ್ಪಿನ ಮೇಲೆ ಪ್ರತಿ ತುಣುಕಿಗೂ ಅನುಮತಿ, ಪ್ರತಿ ಅನುಮತಿಗೂ ಹಣ. 'ರೆಡಿ ಟು ಡೈ'ಯ ಮಾರಾಟವನ್ನೂ 2006ರಲ್ಲಿ ಇಂಥದೇ ತಕರಾರಿನಿಂದ ಕೆಲ ಕಾಲ ನಿಲ್ಲಿಸಬೇಕಾಯಿತು. ಈಗ ಮೊಬೈಲಿನಲ್ಲಿ ಸಿಗುವ ಪ್ರತಿಯಲ್ಲಿ ಕೆಲವು ತುಣುಕುಗಳು ಇಲ್ಲ. ಹಾಸ್ಟೆಲಿನ ನನ್ನ ಹಳೇ ಸಿಡಿಯಲ್ಲಿವೆ. ಗೀರು ಬಿದ್ದ ಆ ಸಿಡಿಯನ್ನು ನಾನು ಯಾರ ಕೈಗೂ ಕೊಡದಿರುವುದಕ್ಕೆ ಇದೇ ಕಾರಣ.

ನಮ್ಮ ಮನೆಯ ಎದುರು ಒಬ್ಬ ಕಾಕಾ ಇದ್ದಾರೆ. ಪ್ರಾಯದಲ್ಲಿ ಗೀಗೀ ಮೇಳದಲ್ಲಿ ದಪ್ಪು ಹಿಡಿದವರು, ಹರದೇಶಿ ಪಕ್ಷದವರು. ಹೊರಗಿನವರಿಗೆ ಒಂದು ಮಾತು: ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎಂದು. ಜಾತ್ರೆಯಲ್ಲಿ ಎರಡೂ ಮೇಳ ಎದುರುಬದುರು ನಿಂತರೆ ಬೆಳಗಾಗುವ ತನಕ ಸವಾಲು-ಜವಾಬು. ಪುರಾಣದ ಒಗಟು ಒಡ್ಡಿ, ಎದುರಾಳಿಯ ಹಾಡನ್ನೇ ತಿರುವಿ, ಮಾತಿನಲ್ಲಿ ಮಣ್ಣು ಮುಕ್ಕಿಸುವ ಆಟ. ಒಂದು ಮಧ್ಯಾಹ್ನ ಕಾಕಾನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನಾಸ್‌ನ 'ಎನ್.ವೈ. ಸ್ಟೇಟ್ ಆಫ್ ಮೈಂಡ್' ಹಚ್ಚಿದೆ, ಪ್ರೀಮಿಯರ್ ಕಟ್ಟಿದ ಮೂರರಲ್ಲೊಂದು. ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಬಲಗೈಯ ಬೆರಳು ತೊಡೆಯ ಮೇಲೆ ತಟ್ಟತೊಡಗಿದವು. ತುಟಿ ಬಿಗಿದುಕೊಂಡು, ತಾವೂ ಉಸಿರು ಹಿಡಿದು ಕೂತಿದ್ದರು.

"ಇಂವಾ ಉಸುರು ಎಲ್ಲಿ ತಗೊಂತಾನೋ ತಮ್ಮಾ?" ಅಂದರು.

"ಅದನ್ನೇ ನಾನೂ ಹುಡುಕಾಕತ್ತೀನಿ ಕಾಕಾ."

"ಹಿಮ್ಮ್ಯಾಳ ಯಾರ್ದು? ಕೊಯ್ದು ಕೊಯ್ದು ಕೊಟ್ಟಾನಲ್ಲ."

ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲದ ಮನುಷ್ಯ ಪ್ರೀಮಿಯರ್‌ನ ಗುಟ್ಟನ್ನೇ ಹಿಡಿದುಬಿಟ್ಟಿದ್ದರು. ಪ್ರೀಮಿಯರ್‌ನ ಎಷ್ಟೋ ಹಾಡುಗಳಲ್ಲಿ ಪಲ್ಲವಿಯನ್ನು ಯಾರೂ ಹಾಡುವುದಿಲ್ಲ. ಬೇರೆ ರೆಕಾರ್ಡುಗಳಲ್ಲಿನ ಬೇರೆಯವರ ಮಾತನ್ನು ತಟ್ಟೆ ತಿರುವಿ, ಕೆರೆದು, ಕತ್ತರಿಸಿ ಪಲ್ಲವಿ ಮಾಡುತ್ತಾನೆ. ಮುಂದಿನವ ದಣಿದು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಿಂದಿನವರು ತುಂತುಣಿ, ತಾಳದೊಂದಿಗೆ ಎತ್ತಿಕೊಳ್ಳುವುದು ಗೀಗೀ ಮೇಳದ ನಡೆ. ಇಲ್ಲಿ ಆ ಕೆಲಸ ಸತ್ತವರ, ದೂರದವರ, ಎಂದೋ ಧ್ವನಿಮುದ್ರಿಸಿಟ್ಟವರ ಪಾಲಿಗೆ ಬಂದಿದೆ.

ಅಂದಿನಿಂದ ಕಾಕಾನಿಗೆ ರುಚಿ ಹತ್ತಿತು. 2024ರ ಏಪ್ರಿಲ್-ಮೇನಲ್ಲಿ ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ಕೆಲವೇ ದಿನಗಳಲ್ಲಿ ಒಬ್ಬರ ಮೇಲೊಬ್ಬರು ಹಾಡು ಎಸೆದಾಗ ನಾನು ರಾತ್ರಿ ವರದಿ ಒಪ್ಪಿಸುವುದು, ಅವರು ತೀರ್ಪು ಕೊಡುವುದು ನಡೆಯಿತು. ಎದುರಿನವ ಜವಾಬು ಕೊಡುವ ಮೊದಲೇ ಮತ್ತೊಂದು ಸವಾಲು ಎಸೆಯುವುದು ಮೇಳದ ಮರ್ಯಾದೆಯಲ್ಲ ಎಂಬುದು ಅವರ ಆಕ್ಷೇಪ. ಆದರೂ ಕೆಂಡ್ರಿಕ್ ಕಡೆಯೇ ವಾಲಿದರು.

ರ‍್ಯಾಪಿನವರ ಬಡಾಯಿ ಕೆಲವರಿಗೆ ಸಹಿಸದು. ನನಗೋ ಅದು ಊರಿನ ವಾಸನೆ. ಹುನಗುಂದದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಮುಗಿಸಿ, ಕೊನೆಗೆ ತಾನು ಕಾಳಿದಾಸ-ಭಾರವಿಯರ ಕೀರ್ತಿಗೆ ಸಮ ಎಂದು ಕೆತ್ತಿಸಿಕೊಂಡಿದ್ದಾನೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ಅದರ ಸಾರ ಏನೆಂದರೆ ಸಜ್ಜನರೊಡನೆ ಸಜ್ಜನ, ಕೆಣಕಿದರೆ ಮಾತ್ರ ಉಳಿಗಾಲವಿಲ್ಲ. ಇಪ್ಪತ್ತೆರಡರ ಬಿಗ್ಗಿ ಬ್ರೂಕ್ಲಿನ್ನಿನಲ್ಲಿ ನಿಂತು ಹೇಳಿದ್ದರಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಬಂಡೆಯ ಬದಲು ಮೈಕು ಇತ್ತು, ಅಷ್ಟೇ.

ಎಲ್ಲವೂ ಸವಿಯಲ್ಲ. ಆ ವರ್ಷದ ಆಲ್ಬಮ್ಮುಗಳಲ್ಲಿ ಹೆಣ್ಣಿನ ಬಗ್ಗೆ ಆಡಿದ ಎಷ್ಟೋ ಮಾತು ಅಂದೂ ಹೊಲಸು, ಇಂದೂ ಹೊಲಸು. 1994ರ ಫೆಬ್ರುವರಿಯಲ್ಲೇ ಅಮೆರಿಕದ ಸಂಸತ್ತಿನಲ್ಲಿ ಈ ಬಗ್ಗೆ ವಿಚಾರಣೆ ನಡೆದಿತ್ತು. ಕಾಲ ಹಾಗಿತ್ತು ಎಂದು ಸಮಜಾಯಿಷಿ ಕೊಡುವವರೊಂದಿಗೆ ನನಗೆ ಹೊಂದಿಕೆಯಾಗುವುದಿಲ್ಲ. ಅದೇ ವರ್ಷ ಕಾಮನ್ ಅಂಥ ಮಾತಿನ ಊರುಗೋಲಿಲ್ಲದೆಯೇ ತನ್ನ 'ರಿಸರೆಕ್ಷನ್' ಅನ್ನು ಬಹುಪಾಲು ನಿಲ್ಲಿಸಿದ್ದಾನೆ. ಕೆಲವು ಹಾಡುಗಳನ್ನು ನಾನು ದಾಟಿಸುತ್ತೇನೆ. ನಾಗೇಶಿಯಂಥ ಒಂದು ಗಟ್ಟಿ ಎದುರು ಪಕ್ಷ ಅಲ್ಲಿ ಆಗ ಇನ್ನೂ ಬಲವಾಗಿ ಬೇಕಿತ್ತು ಎಂದೂ ಅನಿಸುತ್ತದೆ.

ಕನ್ನಡದ ರ‍್ಯಾಪ್ ಕೇಳುವುದಿಲ್ಲವೇ ಎಂದು ಕೇಳುತ್ತಾರೆ. ಕೇಳುತ್ತೇನೆ. ಚಂದನ್ ಶೆಟ್ಟಿ, ಆಲ್ ಓಕೆ, ಎಂಸಿ ಬಿಜ್ಜು, ಗುಬ್ಬಿ, ರಾಹುಲ್ ಡಿಟ್-ಓ ಎಲ್ಲರನ್ನೂ. ಆದರೆ ಪ್ರಾಸದ ವಿಷಯದಲ್ಲಿ ನನಗೊಂದು ತಕರಾರು ಇದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬಂದು ಕೂರುತ್ತದೆ. ಹೋದನು, ಬಂದನು, ತಂದನು. ನಮ್ಮ ಬಾಯಲ್ಲಿ ಹೋಗ್ಯಾನ, ಬಂದಾನ, ಕುಂತಾನ. ಕೊನೆಯ ಪ್ರಾಸ ಪುಕ್ಕಟೆ ಸಿಗುತ್ತದೆ, ಪುಕ್ಕಟೆ ಸಿಕ್ಕದ್ದಕ್ಕೆ ಬೆಲೆ ಇಲ್ಲ. ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೇ ಅಕ್ಷರಕ್ಕೆ ಕಟ್ಟಿದ್ದು ಬಹುಶಃ ಇದಕ್ಕೇ. ನಾಸ್ ಸಾಲಿನ ನಡುವೆ ಮೂರು-ನಾಲ್ಕು ಕಡೆ ಸದ್ದಿಗೆ ಸದ್ದು ಹೊಂದಿಸಿಕೊಂಡು ಹೋಗುತ್ತಾನಲ್ಲ, ಅದು ಕನ್ನಡಕ್ಕೆ ತಾನಾಗಿ ಒಗ್ಗುವ ಕಸುಬು. ಬೆಂಗಳೂರಿನ ಹುಡುಗರು ಅದನ್ನು ಆಗಾಗ ಮುಟ್ಟುತ್ತಾರೆ. ನನಗೆ ಬೇಕಾಗಿರುವುದು ಬಾಗಲಕೋಟೆಯ ನವನಗರದಿಂದ ಒಂದು ಆಲ್ಬಮ್. ಹಳೇ ಊರಿನ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಸೆಕ್ಟರ್ ನಂಬರಿನಲ್ಲಿ ಬೆಳೆದ ಹುಡುಗಿಯೊಬ್ಬಳು ತನ್ನ ಸೆಕ್ಟರನ್ನು ನಾಸ್ ಕ್ವೀನ್ಸ್‌ಬ್ರಿಜ್ ಹೇಳಿದ ಹಾಗೆ ಹೆಸರಿಟ್ಟು ಹೇಳಿದರೆ ಆ ವರ್ಷವನ್ನು ನಾನು ಜನವರಿಯಿಂದಲೇ ಕೇಳಲು ಕೂರುತ್ತೇನೆ. ಮಾತು ಅರ್ಧಕ್ಕೆ ಕಡಿದು ಒತ್ತುವ ನಮ್ಮ ಕನ್ನಡದ ಲಯಕ್ಕೆ ಡ್ರಮ್ಮು ಹುಡುಕಬೇಕಾಗಿಯೇ ಇಲ್ಲ.

ಈಗ ಮನೆಯಲ್ಲಿ ಜಗಳ, ಬರುವ ವರ್ಷ ಯಾವ ಇಸವಿಯನ್ನು ಕೇಳುವುದೆಂದು. ಅಕ್ಕನ ಮಗ 2024 ಹಿಡಿ ಎನ್ನುತ್ತಾನೆ: ಜುಲೈಯಲ್ಲಿ ಹನುಮಾನ್‌ಕೈಂಡ್‌ನ 'ಬಿಗ್ ಡಾಗ್ಸ್', ನವೆಂಬರಿನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಬಂದ ಕೆಂಡ್ರಿಕ್‌ನ 'ಜಿಎನ್‌ಎಕ್ಸ್'. ನನ್ನ ಮನಸ್ಸು 1988ರ ಕಡೆ, ಪಬ್ಲಿಕ್ ಎನಿಮಿಯ ಗದ್ದಲ, ಬಿಗ್ ಡ್ಯಾಡಿ ಕೇನ್‌ನ ಗತ್ತು. ಕಾಕಾ ಇಬ್ಬರ ಮಾತನ್ನೂ ಕೇಳಿ, ಯಾವುದಾದರೂ ಹಚ್ಚು, ಆದರೆ ಆ ಉಸುರು ಬಿಡದವನನ್ನು ಏಪ್ರಿಲಿನಲ್ಲಿ ತಪ್ಪಿಸಬೇಡ ಎಂದಿದ್ದಾರೆ.