ಹಾಡಿ ಉಳಿದ ನಾಡು ಎಸ್ಟೋನಿಯಾ

ಯುರೋಪಿನ ಭೂಪಟದಲ್ಲಿ ಫಿನ್ಲೆಂಡ್ ಕೊಲ್ಲಿಯ ದಕ್ಷಿಣಕ್ಕೆ, ಬಾಲ್ಟಿಕ್ ಸಮುದ್ರದ ದಂಡೆಯ ಮೇಲೆ ಒಂದು ಪುಟ್ಟ ದೇಶವಿದೆ. ಅದೇ ಎಸ್ಟೋನಿಯಾ. ವಿಸ್ತೀರ್ಣ ಸುಮಾರು 45,300 ಚದರ ಕಿಲೋಮೀಟರ್. ಕರ್ನಾಟಕದ ಕಾಲು ಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ 14 ಲಕ್ಷವನ್ನೂ ಮುಟ್ಟಿಲ್ಲ. ಇಷ್ಟು ಚಿಕ್ಕ ನಾಡು ಹೊರಗಿನವರಿಗೆ ತನ್ನ ಪರಿಚಯ ಹೇಳಿಕೊಳ್ಳುವುದಾದರೂ ಹೇಗೆ?

ಪ್ರವಾಸಿಗಳು ಮೊದಲು ಕಾಣುವುದು ರಾಜಧಾನಿ ತಾಲ್ಲಿನ್ ನಗರದ ಕೋಟೆ, ಬುರುಜು, ಕಲ್ಲುಹಾಸಿನ ಬೀದಿಗಳನ್ನು. 1997ರಲ್ಲಿ ಈ ಹಳೆಯ ನಗರ ವಿಶ್ವ ಪರಂಪರೆಯ ತಾಣವಾಯಿತು. ಆದರೆ ಕೋಟೆ ಆಳಿದವರದು. ಡೇನರು, ಜರ್ಮನ್ನರು, ಸ್ವೀಡರು, ರಷ್ಯನ್ನರು ಒಬ್ಬರಾದ ಮೇಲೊಬ್ಬರು ಇಲ್ಲಿ ಅಧಿಕಾರ ನಡೆಸಿದರು. ಆಳಿಸಿಕೊಂಡ ರೈತಾಪಿ ಜನರ ನಾಡು ಕೋಟೆಯ ಆಚೆಗಿದೆ.

ನೆಲದ ಅರ್ಧದಷ್ಟು ಕಾಡು. ಅಲ್ಲಲ್ಲಿ ಸಾವಿರಾರು ವರ್ಷಗಳಿಂದ ಪಾಚಿ ಕೊಳೆತು ಸೇರಿದ ಜೌಗುಭೂಮಿ. ಅದರ ಮೇಲೆ ಹಲಗೆಯ ಕಾಲುದಾರಿ. ಇಲ್ಲಿಯ ಅತಿ ಎತ್ತರದ ಬೆಟ್ಟ ಕೇವಲ 318 ಮೀಟರ್. ಅದರ ಹೆಸರಿನ ಅರ್ಥ 'ದೊಡ್ಡ ಮೊಟ್ಟೆ ಬೆಟ್ಟ'! ಸಾರೆಮಾ ದ್ವೀಪದಲ್ಲಿ ಉಲ್ಕೆ ಬಿದ್ದು ಉಂಟಾದ ಕಾಲಿ ಎಂಬ ಕುಳಿಯಿದೆ. ಸುಮಾರು 110 ಮೀಟರ್ ಅಗಲದ ಆ ಕುಳಿ ಈಗ ಶಾಂತವಾದ ಕೊಳ.

ಊಟಕ್ಕೆ ರೈ ಧಾನ್ಯದ ಕಪ್ಪು ರೊಟ್ಟಿ ಇರಲೇಬೇಕು. 'ರೊಟ್ಟಿ ಬಹುಕಾಲ ಉಳಿಯಲಿ' ಎಂಬ ಹಾರೈಕೆ ಊಟದ ವೇಳೆ ಕೇಳಿಬರುತ್ತದೆ. ಬಡತನ ಕಂಡ ಜನರಿಗಷ್ಟೇ ಇಂಥ ಹಾರೈಕೆ ಹೊಳೆದೀತು.

ಭಾಷೆಯೂ ಕುತೂಹಲಕರ. ಅದು ಫಿನ್ನಿಶ್ ಭಾಷೆಯ ಬಂಧು. ನೆರೆಯ ರಷ್ಯನ್, ಲ್ಯಾಟ್ವಿಯನ್‌ಗಳ ಕುಟುಂಬಕ್ಕೆ ಸೇರಿದ್ದಲ್ಲ. ವಿಭಕ್ತಿಗಳು 14. 'ಅವನು', 'ಅವಳು' ಎರಡಕ್ಕೂ ಒಂದೇ ಪದ. ತಾರ್ತು ವಿಶ್ವವಿದ್ಯಾಲಯ 1632ರಲ್ಲೇ ಸ್ಥಾಪನೆಯಾದರೂ, ಅಲ್ಲಿ ನಾಡಭಾಷೆ ಬೋಧನಾ ಮಾಧ್ಯಮವಾದದ್ದು ದೇಶ ಸ್ವತಂತ್ರವಾದ ಮರುವರ್ಷ, 1919ರಲ್ಲಿ.

ಈ ಭಾಷೆಯನ್ನು ಬೆಳೆಸಿದ್ದು ಹಾಡು. 1869ರಲ್ಲಿ ತಾರ್ತುವಿನಲ್ಲಿ ಮೊದಲ ಗೀತೋತ್ಸವ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟ ದೇಶವನ್ನು ಸೇರಿಸಿಕೊಂಡಿತು. 1941 ಮತ್ತು 1949ರಲ್ಲಿ ಸಾವಿರಾರು ಕುಟುಂಬಗಳನ್ನು ದೂರದ ಸೈಬೀರಿಯಾಕ್ಕೆ ಗಡೀಪಾರು ಮಾಡಲಾಯಿತು. ಹೊರಗಿನಿಂದ ಜನರು ಬಂದು ನೆಲೆಸಿದರು. 1989ರ ಹೊತ್ತಿಗೆ ಎಸ್ಟೋನಿಯನ್ನರ ಪ್ರಮಾಣ ಶೇಕಡಾ 62ಕ್ಕಿಂತ ಕೆಳಗಿಳಿದಿತ್ತು. ತಮ್ಮ ಮಕ್ಕಳ ನಾಲಿಗೆಯಲ್ಲಿ ಈ ಭಾಷೆ ಉಳಿದೀತೇ ಎಂಬ ಭಯ ತಂದೆತಾಯಿಗಳದು.

ಆಗಲೂ ಹಾಡು ನಿಲ್ಲಲಿಲ್ಲ. ಕವಯಿತ್ರಿ ಲಿಡಿಯಾ ಕೊಯಿದುಲಾ ಬರೆದ, ಗುಸ್ತಾವ್ ಎರ್ನೆಸಾಕ್ಸ್ ರಾಗ ಹಾಕಿದ ನಾಡಗೀತೆಯನ್ನು 1960ರ ಉತ್ಸವದಲ್ಲಿ ಜನ ತಾವಾಗಿಯೇ ಎತ್ತಿ ಹಾಡಿದರು. 1988ರಲ್ಲಿ ತಾಲ್ಲಿನ್ ಗೀತಮೈದಾನದಲ್ಲಿ ಲಕ್ಷಾಂತರ ಮಂದಿ ಕೂಡಿ ಹಾಡಿದರು. 1989ರ ಆಗಸ್ಟ್ 23ರಂದು ಎಸ್ಟೋನಿಯಾ, ಲ್ಯಾಟ್ವಿಯಾ, ಲಿಥುವೇನಿಯಾಗಳ ಜನ 600 ಕಿಲೋಮೀಟರಿಗೂ ಉದ್ದವಾಗಿ ಕೈಕೈ ಹಿಡಿದು ನಿಂತರು. 1991ರ ಆಗಸ್ಟ್ 20ರಂದು ಸ್ವಾತಂತ್ರ್ಯ ಮರಳಿತು. ಇತಿಹಾಸ ಇದನ್ನು 'ಹಾಡುವ ಕ್ರಾಂತಿ' ಎಂದು ಕರೆದಿದೆ.

ಇದೇ ನಾಡು 1990ರ ದಶಕದಲ್ಲಿ 'ಹುಲಿ ನೆಗೆತ' ಎಂಬ ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ಒಯ್ದಿತು. 2005ರಲ್ಲಿ ದೇಶಾದ್ಯಂತ ಚುನಾವಣೆಯಲ್ಲಿ ಅಂತರ್ಜಾಲದ ಮೂಲಕ ಮತದಾನಕ್ಕೆ ಅವಕಾಶ ಕೊಟ್ಟಿತು. ಹೊಸ ವಿದ್ಯೆಗಾಗಿ ಹಳೆಯ ಭಾಷೆಯನ್ನು ಬಿಡಬೇಕಾಗಿ ಬರಲಿಲ್ಲ. ಇಂದು ಅಲ್ಲಿನ ಮಗು ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ತಾಯ್ನುಡಿಯಲ್ಲಿ ಕಲಿಯಬಹುದು. ಗೀತೋತ್ಸವ ಬಂದಾಗ ಶಾಲಾಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ವೇದಿಕೆ ಏರುತ್ತಾರೆ. ಭಾಷೆಯ ಬಾಳಿಕೆ ಆಡುವವರ ಸಂಖ್ಯೆಯೊಂದರಿಂದಲೇ ನಿರ್ಧಾರವಾಗದು ಎಂಬುದಕ್ಕೆ ಆ ಮಕ್ಕಳೇ ಸಾಕ್ಷಿ.