ಒಡೆಯುವ ಕೋಲು, ಆಡುವ ಕೋಲು

ಲೋಕದಲ್ಲಿ ಉಪಕರಣಗಳು ಎರಡು ಬಗೆಯವು. ಕೆಲವು ಬಲವನ್ನು ಸಾಗಿಸುವುದಕ್ಕಾಗಿ ಹುಟ್ಟಿದವು. ಕೆಲವು ವಿವೇಕವನ್ನು ಸಾಗಿಸುವುದಕ್ಕಾಗಿ ಹುಟ್ಟಿದವು. ಬಡಿಗನು ಕೊಡಲಿಯಿಂದ ಜಾಲಿಯ ಬೊಡ್ಡೆಯನ್ನು ಸೀಳುವನು, ಬಾಚಿಯಿಂದ ಅದನ್ನು ತಿದ್ದುವನು, ಉಳಿಯಿಂದ ತೂತು ಕೊರೆಯುವನು. ಕೊಡಲಿಯಿಂದ ತೂತು ಕೊರೆಯ ಹೋದವನೂ ಇಲ್ಲ, ಉಳಿಯಿಂದ ಬೊಡ್ಡೆಯನ್ನು ಸೀಳ ಹೋದವನೂ ಇಲ್ಲ. ಅವುಗಳ ಆಕಾರವೇ ಅವುಗಳ ಕಾರ್ಯವನ್ನು ಸಾರಿ ಹೇಳುತ್ತಿರುವುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಆಕಾರವು ಒಂದೇ ಆಗಿ ಕಾರ್ಯವು ಬೇರೆಯಾದಲ್ಲಿ ಮನುಷ್ಯನ ಬುದ್ಧಿಯು ಎಡವುತ್ತದೆ. ಕೋಲು ಅಂಥ ಒಂದು ವಸ್ತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ತೊಗರಿಯ ಕಟ್ಟನ್ನು ಬಡಿಯುವುದಕ್ಕೆ ಹಿರಿಯರು ಹಿಡಿಯುತ್ತಿದ್ದುದೂ ಕೋಲೇ; ಇಂಡಿಯ ತೋಟಗಳಲ್ಲಿ ಮುಳ್ಳಿನ ನಡುವಿನಿಂದ ನಿಂಬೆಯ ಹಣ್ಣನ್ನು ಇಳಿಸುವ ದೋಟಿಯೂ ಕೋಲೇ. ಒಂದು ಗಟ್ಟಿಯಾಗಿ ಮೋಟಾಗಿರುವುದು, ಇನ್ನೊಂದು ನೀಳವಾಗಿ ಹಗುರವಾಗಿರುವುದು. ದೂರದಿಂದ ನೋಡಿದವನಿಗೆ ಎರಡೂ ಕಟ್ಟಿಗೆಯೇ.

ಇಂಥ ಒಂದು ಸಂದೇಹವು ಇಂಡಿ ತಾಲೂಕಿನ ಒಂದು ಒಕ್ಕಲುಮನೆಯನ್ನು ಹೊಕ್ಕು, ತಂದೆಮಕ್ಕಳ ನಡುವೆ ಮೂರು ದಿನ ಮಾತನ್ನೇ ನಿಲ್ಲಿಸಿತು. ಮಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತರುಣ. ಸಂಕ್ರಾಂತಿಗೆಂದು ಊರಿಗೆ ಬಂದಾಗ ಅವನ ಹೆಗಲಲ್ಲಿ ಒಂದು ನೀಳವಾದ ಚೀಲವಿತ್ತು. ಅದರೊಳಗಿದ್ದುದು ಪೂಲ್ ಆಟದ ಕ್ಯೂ. ಹಬ್ಬದ ಊಟವಾದ ಮೇಲೆ ಅವನು ಮೆಲ್ಲಗೆ, ಇಂಥದೇ ಇನ್ನೊಂದು ಬೇಕಾಗಿದೆಯೆಂದೂ, ಮೊದಲ ಹೊಡೆತಕ್ಕೆ ಒಂದು ಕೋಲು, ಮುಂದಿನ ಆಟಕ್ಕೆ ಇನ್ನೊಂದು ಕೋಲು ಇರುವುದು ವಾಡಿಕೆಯೆಂದೂ ಬಿನ್ನವಿಸಿಕೊಂಡನು. ಅವನು ಹೇಳಿದ ಬೆಲೆಯು ಹಲವು ಚೀಲ ನಿಂಬೆಯ ಬೆಲೆಯಾಗಿತ್ತು.

“ಒಂದ್ ಕೋಲಿನಾಗ ಅರ್ಧಾ ಓದು ಹೋಗೇತಿ. ಎರಡನೇದರಾಗ ಉಳಿದ ಅರ್ಧಾನೂ ಹೋಗ್ಲಿ ಅಂತೀಯೇನು?” ಎಂದನು ತಂದೆ.

ಮಗನು ಉತ್ತರ ಕೊಡಲಿಲ್ಲ. ತಂದೆಯ ಕೋಪಕ್ಕೆ ಕಾರಣವು ಹಣವೊಂದೇ ಆಗಿರಲಿಲ್ಲ. ಈ ಆಟವೆಂದರೆ ಪಣ, ಹೊಗೆ, ರಾತ್ರಿಯ ಕಾಲಹರಣ ಎಂದು ಅವನು ಕೇಳಿದ್ದನು. ಮಗನು ಕೈಬಿಟ್ಟು ಹೋದಾನೆಂಬ ಭಯವೇ ಅವನ ಬಾಯಲ್ಲಿ ಕೋಪವಾಗಿ ಹೊರಟಿತ್ತು.

ಈ ವ್ಯಾಜ್ಯದಲ್ಲಿ ನ್ಯಾಯವು ಯಾರ ಕಡೆಗಿದೆಯೆಂಬುದನ್ನು ತಿಳಿಯಬೇಕಾದರೆ ಆಟದ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ಬಟ್ಟೆ ಹಾಸಿದ ಮೇಜಿನ ಮೇಲೆ ಗುಂಡುಗಳನ್ನು ಕೋಲಿನಿಂದ ತಾಡಿಸಿ ಆಡುವ ಆಟಗಳು ಯುರೋಪಿನಲ್ಲಿ ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಿಂಗೋ ಎಂಬ ಫ್ರೆಂಚ್ ಸೇನಾಧಿಕಾರಿಯು ಕೋಲಿನ ತುದಿಗೆ ತೊಗಲನ್ನು ಹಚ್ಚುವ ಪದ್ಧತಿಯನ್ನು ಬಳಕೆಗೆ ತಂದನೆಂದು ಪ್ರಸಿದ್ಧಿಯುಂಟು. ತೊಗಲು ಗುಂಡನ್ನು ಹಿಡಿಯುವುದರಿಂದ ಅದಕ್ಕೆ ಬೇಕಾದ ಸುತ್ತನ್ನು ಕೊಡುವುದು ಸಾಧ್ಯವಾಯಿತು. ೧೮೩೫ರಲ್ಲಿ ಕೊರಿಯೊಲಿಸ್ ಎಂಬ ಗಣಿತಜ್ಞನು ಈ ಆಟದ ಗುಂಡುಗಳ ಚಲನೆಯನ್ನೇ ವಿಷಯವಾಗಿ ಮಾಡಿಕೊಂಡು ಒಂದು ಗ್ರಂಥವನ್ನು ಬರೆದನು. ಈ ಕುಲದ ಒಂದು ಆಟವಂತೂ ಹಿಂದುಸ್ಥಾನದ ಮಣ್ಣಿನಲ್ಲಿಯೇ ಹುಟ್ಟಿತು. ೧೮೭೫ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ತರುಣ ಸೇನಾಧಿಕಾರಿಯು ಸ್ನೂಕರನ್ನು ಆರಂಭಿಸಿದನೆಂದೂ, ೧೮೮೨ರಲ್ಲಿ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ನೆಲೆಗೊಂಡುವೆಂದೂ ಹೇಳುವರು. ಸ್ವತಂತ್ರ ಭಾರತಕ್ಕೆ ವಿಶ್ವವಿಜೇತನೆಂಬ ಹೆಸರನ್ನು ಮೊದಲು ತಂದವನು ೧೯೫೮ರಲ್ಲಿ ಕಲಕತ್ತೆಯ ಬಿಲಿಯರ್ಡ್ಸ್ ಸ್ಪರ್ಧೆಯಲ್ಲಿ ಗೆದ್ದ ವಿಲ್ಸನ್ ಜೋನ್ಸ್. ಬೆಂಗಳೂರಿನಲ್ಲಿ ಅರವಿಂದ ಸವೂರರಿಂದ ಪಾಠ ಹೇಳಿಸಿಕೊಂಡು ಬೆಳೆದ ಪಂಕಜ್ ಆಡ್ವಾಣಿಯವರು ೨೦೦೩ರಲ್ಲಿ ಸ್ನೂಕರಿನ ವಿಶ್ವಪದವಿಯನ್ನು ಪಡೆದು, ೨೦೨೪ರ ಹೊತ್ತಿಗೆ ಬಿಲಿಯರ್ಡ್ಸ್ ಸ್ನೂಕರ್‌ಗಳೆರಡರಲ್ಲಿಯೂ ಸೇರಿ ೨೮ ವಿಶ್ವಪದವಿಗಳನ್ನು ಗಳಿಸಿದರು. ಆದುದರಿಂದ ಆಟವೇ ದುರ್ವ್ಯಸನವೆಂಬುದು ಸಲ್ಲದು. ಆಡುವವನ ನಡತೆಯಲ್ಲಿ ವ್ಯಸನವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಎರಡು ಕೋಲುಗಳ ಮಾತು. ಸ್ನೂಕರ್ ಆಡುವವರಿಗೆ ಇದರ ಅಗತ್ಯವಿಲ್ಲ. ಅಲ್ಲಿ ಮೊದಲ ಹೊಡೆತವು ಎಚ್ಚರದ ಹೊಡೆತ. ಕೆಂಪು ಗುಂಡುಗಳ ಗುಂಪಿನ ಅಂಚನ್ನು ಬಿಳಿಯ ಗುಂಡು ಸವರಿ, ಎದುರಾಳಿಗೆ ಅನುಕೂಲವಾಗದಂತೆ ಹೊರಟಲ್ಲಿಗೇ ಹಿಂದಿರುಗಬೇಕು. ಪೂಲ್ ಆಟದಲ್ಲಿ ಹಾಗಲ್ಲ. ಎಂಟರ ಆಟದಲ್ಲಿ ೧೫ ಗುಂಡುಗಳು, ಒಂಬತ್ತರ ಆಟದಲ್ಲಿ ೯ ಗುಂಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಕೂಡಿರುತ್ತವೆ. ಆ ವ್ಯೂಹವನ್ನು ಒಂದೇ ಪೆಟ್ಟಿಗೆ ಚದುರಿಸಬೇಕು. ಇದಕ್ಕೆ ಬ್ರೇಕ್ ಎಂದು ಹೆಸರು. ನುರಿತವರ ಕೈಯಲ್ಲಿ ಬಿಳಿಯ ಗುಂಡು ಗಂಟೆಗೆ ೩೦ರಿಂದ ೪೦ ಕಿಲೋಮೀಟರು ವೇಗದಲ್ಲಿ ಹೊರಡುತ್ತದೆ. ಆಮೇಲಿನ ಹೊಡೆತಗಳಲ್ಲಿ ಹೆಚ್ಚಿನವು ಮೃದುವಾದವು. ಅಲ್ಲಿ ಬೇಕಾದುದು ಬಲವಲ್ಲ, ಲೆಕ್ಕ.

ಪೂಲಿನ ಕೋಲು ಸಾಮಾನ್ಯವಾಗಿ ೫೧೦ರಿಂದ ೬೦೦ ಗ್ರಾಂ ತೂಗುತ್ತದೆ. ಅದು ತಿರುಪಿನಿಂದ ಕೂಡುವ ಎರಡು ತುಂಡುಗಳಾಗಿರುವುದು ರೂಢಿ. ಹಿಡಿಯುವ ತುಂಡು ಹಿಂದೆ. ಶಾಫ್ಟ್ ಎಂಬ ತೆಳ್ಳನೆಯ ತುಂಡು ಮುಂದೆ. ಶಾಫ್ಟಿನ ತುದಿಯಲ್ಲಿ ಒನಕೆಯ ಅಣಸಿನಂತೆ ಒಂದು ಬಳೆಯೂ, ಅದರ ಮೇಲೆ ಟಿಪ್ ಎಂಬ ತೊಗಲಿನ ಬಿಲ್ಲೆಯೂ ಇರುತ್ತವೆ. ಪೂಲಿನಲ್ಲಿ ಈ ಟಿಪ್ಪಿನ ಅಗಲವು ಸುಮಾರು ೧೨ರಿಂದ ೧೩ ಮಿಲಿಮೀಟರು. ಆಡುವ ಕೋಲಿನ ಗುಣವೆಲ್ಲ ಈ ತುದಿಯ ಒಂದು ಗೇಣಿನಲ್ಲಿ ಅಡಗಿದೆ. ಆಟಗಾರನು ಗುಂಡಿಗೆ ಸುತ್ತನ್ನು ಕೊಡಬಯಸಿ ಅದರ ನಡುವನ್ನು ಬಿಟ್ಟು ಪಕ್ಕಕ್ಕೆ ಹೊಡೆದಾಗ, ಗುಂಡು ಕೋಲು ತೋರಿಸಿದ ದಿಕ್ಕಿಗೆ ನೆಟ್ಟಗೆ ಹೋಗದೆ ಎದುರು ಪಕ್ಕಕ್ಕೆ ಸ್ವಲ್ಪ ಓಸರಿಸುತ್ತದೆ. ಕೋಲಿನ ತುದಿ ಭಾರವಾಗಿದ್ದಷ್ಟೂ ಈ ಓಸರ ಹೆಚ್ಚು. ತುದಿ ಹಗುರವಾಗಿದ್ದರೆ ಗುಂಡನ್ನು ತಳ್ಳುವ ಬದಲು ತಾನೇ ಪಕ್ಕಕ್ಕೆ ಸರಿದು ಕೊಡುತ್ತದೆ. ಆದುದರಿಂದಲೇ ಈಗಿನ ಕುಶಲರು ಮೇಪಲ್ ಕಟ್ಟಿಗೆಯ ಶಾಫ್ಟಿನ ತುದಿಯನ್ನು ಒಳಗೆ ಟೊಳ್ಳು ಮಾಡುತ್ತಾರೆ, ಇಲ್ಲವೆ ಇಡಿಯ ಶಾಫ್ಟನ್ನೇ ಕಾರ್ಬನ್ ನಾರಿನಿಂದ ರಚಿಸುತ್ತಾರೆ. ಅಂಥ ಕೋಲು ಆಡುವವನ ಮನೋಗತವನ್ನು ಹೆಚ್ಚು ಕೂಡಿಸದೆ ಕಳೆಯದೆ ಗುಂಡಿಗೆ ಮುಟ್ಟಿಸುತ್ತದೆ. ಕೈ ತಪ್ಪಿದರೆ ಆ ತಪ್ಪನ್ನೂ ಮುಟ್ಟಿಸುತ್ತದೆ.

ಒಡೆಯುವ ಕೋಲಿನ ಧರ್ಮವು ಬೇರೆ. ಅದರ ತುದಿಗೆ ಮೆತ್ತನೆಯ ತೊಗಲಿನ ಬದಲು ಬಲು ಗಟ್ಟಿಯಾದ ತೊಗಲನ್ನೋ, ಫಿನಾಲಿಕ್ ಎಂಬ ಕಠಿನವಾದ ರಾಳದ ಬಿಲ್ಲೆಯನ್ನೋ ಹಚ್ಚುತ್ತಾರೆ. ಟಿಪ್ಪು ಗುಂಡನ್ನು ಮುಟ್ಟಿರುವ ಕಾಲವು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಅಷ್ಟರೊಳಗೆ ಮೆತ್ತನೆಯ ತೊಗಲು ಕುಗ್ಗಿ ಹಿಗ್ಗುವಾಗ ಬಲದಲ್ಲಿ ಒಂದಂಶವನ್ನು ತಾನೇ ನುಂಗುತ್ತದೆ. ಗಟ್ಟಿಯ ಬಿಲ್ಲೆ ಕಡಿಮೆ ನುಂಗುತ್ತದೆ. ಕೈಯ ಬಲವು ಅಷ್ಟೇ ಇದ್ದರೂ ಗುಂಡಿನ ವೇಗವು ನೂರಕ್ಕೆ ಐದಾರರಷ್ಟು ಹೆಚ್ಚಬಹುದು. ಆದರೆ ಆ ಬಿಲ್ಲೆ ಗುಂಡನ್ನು ಹಿಡಿಯಲಾರದು. ಪಕ್ಕಕ್ಕೆ ಹೊಡೆದರೆ ಜಾರುತ್ತದೆ, ಬಿಳಿಯ ಗುಂಡಿನ ಮೇಲೆ ಕಲೆಯನ್ನೂ ಉಳಿಸುತ್ತದೆ. ಕೋಲು ಹೆಚ್ಚು ಭಾರವಾದಷ್ಟೂ ಒಡೆತವು ಹೆಚ್ಚೆಂದು ತಿಳಿಯುವವರುಂಟು. ಅದು ಪೂರ್ತಿ ನಿಜವಲ್ಲ. ಭಾರದಿಂದ ಕೈಯ ವೇಗವು ಕುಂದಿದರೆ ಗಳಿಸಿದುದು ಅಲ್ಲಿಯೇ ಕಳೆದುಹೋಗುತ್ತದೆ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ಬಲವೆಲ್ಲ ಹಾಕಿ ಹೊಡೆಯುವಾಗ ಹಿಂದಿನ ಕೈ ಎಡಕ್ಕೋ ಬಲಕ್ಕೋ ತುಸು ತೊನೆಯುವುದು ಸಹಜ. ಆಗ ಕೋಲು ಮುಂದಿನ ಕೈಯನ್ನು ಆಧಾರವಾಗಿ ಮಾಡಿಕೊಂಡು ಓರೆಯಾಗುತ್ತದೆ, ತುದಿ ಗುಂಡಿನ ನಡುವನ್ನು ತಪ್ಪುತ್ತದೆ. ಕೋಲಿನ ಓರೆಯು ಗುಂಡನ್ನು ಒಂದು ಕಡೆಗೆ ಎಳೆದರೆ, ಮೇಲೆ ಹೇಳಿದ ಓಸರವು ಅದನ್ನು ಮತ್ತೊಂದು ಕಡೆಗೆ ತಳ್ಳುತ್ತದೆ. ಇವೆರಡೂ ಸರಿಸಮವಾದರೆ ಗುಂಡು ನೆಟ್ಟಗೆ ಹೋಗುತ್ತದೆ. ತಪ್ಪು ತಪ್ಪನ್ನು ತಿಂದುಹಾಕುತ್ತದೆ. ಈ ಸಮತೆಯು ಮುಂದಿನ ಕೈಯು ಗುಂಡಿನಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ಅವಲಂಬಿಸುತ್ತದೆ. ಸಾದಾ ಮೇಪಲ್ ಕೋಲಿನಲ್ಲಿ ಆ ದೂರವು ಸುಮಾರು ಒಂದು ಅಡಿಯ ಆಸುಪಾಸು. ಹಗುರ ತುದಿಯ ಕೋಲಿನಲ್ಲಿ ಅದಕ್ಕಿಂತ ಹೆಚ್ಚು. ತನ್ನ ಕೈಗೆ ಹೊಂದುವ ದೂರವನ್ನು ಅರಿತವನಿಗೆ ಸಾದಾ ಕೋಲೇ ಒಡೆತಕ್ಕೆ ಸಾಕು. ಆಟದಲ್ಲಿ ಯಾವುದು ದೋಷವೋ ಅದೇ ಒಡೆತದಲ್ಲಿ ಉಪಕಾರವಾಗುವುದು ಹೀಗೆ. ಒಡೆಯುವ ಕೋಲು ಕೈಯ ತಪ್ಪನ್ನು ಕ್ಷಮಿಸಬೇಕು. ಆಡುವ ಕೋಲು ಅದನ್ನು ಇದ್ದುದಿದ್ದಂತೆ ತಿಳಿಸಬೇಕು. ಈ ಎರಡು ಗುಣಗಳನ್ನೂ ಒಂದೇ ಕಟ್ಟಿಗೆಯಲ್ಲಿ ಪೂರ್ಣವಾಗಿ ಕೂಡಿಸುವುದು ಕಷ್ಟ.

ಇದೆಲ್ಲವನ್ನೂ ಇಂಡಿಯ ಆ ತರುಣನು ಬಲ್ಲವನೇ ಆಗಿದ್ದನು. ಆದರೆ ತಂದೆಗೆ ಹೇಳುವ ದಾರಿ ಕಾಣದೆ ಸುಮ್ಮನಿದ್ದನು. ನಾಲ್ಕನೆಯ ದಿನ ಬೆಳಿಗ್ಗೆ ತೋಟದಲ್ಲಿ ನಿಂಬೆ ಇಳಿಸುವ ಕೆಲಸವಿತ್ತು. ತಂದೆಯು ದೋಟಿಯನ್ನು ಹಿಡಿದಿದ್ದನು, ಮಗನು ಕೆಳಗೆ ಬಿದ್ದುದನ್ನು ಬುಟ್ಟಿಗೆ ತುಂಬುತ್ತಿದ್ದನು. ಬಹಳ ಹೊತ್ತಿನ ಮೇಲೆ ಮಗನು ಕೇಳಿದನು:

“ಯಪ್ಪಾ, ದೋಟೀ ತುದಿ ಯಾಕ ಇಷ್ಟ ಹಗರ ಮಾಡೀದಿ?”

“ತುದಿ ಭಾರಾದ್ರ ನಾ ಒಂದ್ ಕಡೆ ಒಯ್ದ್ರ ಅದು ಒಂದ್ ಕಡೆ ಹೋಗ್ತೈತಿ. ಕೈಯಾಗಿಂದು ತುದಿಗಿ ಮುಟ್ಟಬೇಕಲ್ಲೋ ತಮ್ಮಾ.”

“ಇದರಲೆ ತೊಗರಿ ಬಡದ್ರ?”

“ಹುಚ್ಚಾ, ಸೀಳಿ ಹೋಗ್ತೈತಿ.”

“ನಂದೂ ಹಂಗ ಆಗೇತಿ, ಯಪ್ಪಾ.”

ತಂದೆಯು ದೋಟಿಯನ್ನು ಗಿಡಕ್ಕೆ ಒರಗಿಸಿದನು. ಮನೆಗೆ ಬಂದ ಮೇಲೆ ಚೀಲದೊಳಗಿನ ಕೋಲನ್ನು ತಾನೇ ಕೇಳಿ ತರಿಸಿ, ಬೆಳಕಿಗೆ ಹಿಡಿದು ನೋಡಿದನು. ಒಂದೇ ಕೋಲಿನಿಂದ ಒಡೆದೂ ಆಡಿಯೂ ತೊಗಲಿನ ಬಿಲ್ಲೆಯು ಅಣಬೆಯಂತೆ ಅಂಚಿಗೆ ಹರಡಿತ್ತು. ಅದರ ಕೆಳಗಿನ ಬಳೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ನಲವತ್ತು ವರ್ಷ ಕಾವು, ಗುಳ, ನೊಗಗಳನ್ನು ಹಿಡಿದ ಕೈಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ.

“ಬಡಿಯೋ ಕೋಲಿಗಿ ರೊಕ್ಕಾ ಸುರೀಬ್ಯಾಡ. ಸಾದಾದ್ದು, ನೆಟ್ಟಗಿದ್ದದ್ದು ಒಂದು ತಗೋ. ಈ ಛಲೋ ಕೋಲು ರಿಪೇರಿ ಮಾಡ್ಸು. ರೊಕ್ಕಾ ನಾ ಕೊಡ್ತೀನಿ,” ಎಂದನು. ಸ್ವಲ್ಪ ತಡೆದು, “ಪರೀಕ್ಷಾ ಮಾತ್ರ ಬಿಡಬ್ಯಾಡಪಾ,” ಎಂದನು. ಆ ಕಡೆಯ ಮಾತಿನಲ್ಲಿ ಕೋಪವಿರಲಿಲ್ಲ. ಭಯವು ಮಾತ್ರ ಇನ್ನೂ ಉಳಿದಿತ್ತು. ಅದು ಪರೀಕ್ಷೆಯ ಫಲವು ಬರುವವರೆಗೆ ಉಳಿಯುವ ಭಯ. ಬಹುಶಃ ಆಮೇಲೂ ತಂದೆಯಾದವನನ್ನು ಪೂರ್ತಿಯಾಗಿ ಬಿಡುವಂಥದಲ್ಲ.

ತಂದೆಯ ತೀರ್ಪು ಆಟದ ಶಾಸ್ತ್ರಕ್ಕೂ ಒಪ್ಪುವಂಥದೇ. ಎರಡನೆಯ ಕೋಲಿನ ಮುಖ್ಯ ಪ್ರಯೋಜನವು ಹೆಚ್ಚಿನ ವೇಗವಲ್ಲ. ಮೊದಲನೆಯ ಕೋಲನ್ನು ಪೆಟ್ಟಿನಿಂದ ಕಾಪಾಡುವುದು. ಬಲಕ್ಕೆ ಸಾಧಾರಣವಾದುದು ಸಾಕು. ಸೂಕ್ಷ್ಮಕ್ಕೆ ಮಾತ್ರ ಉತ್ತಮವಾದುದು ಬೇಕು. ಮನೆಯ ಖರ್ಚಿನಲ್ಲಿಯೂ ಈ ಕ್ರಮವನ್ನು ಹಿಡಿಯುವವರು ಕೆಡುವುದಿಲ್ಲ.

ಪ್ರಾಚೀನರು ಉಪಾಯಗಳನ್ನು ಸಾಮ, ದಾನ, ಭೇದ, ದಂಡ ಎಂದು ನಾಲ್ಕಾಗಿ ಹೇಳಿದರು. ದಂಡವೆಂದರೆ ಶಿಕ್ಷೆಯೂ ಹೌದು, ಕೋಲೂ ಹೌದು. ಅದನ್ನು ಕಟ್ಟಕಡೆಗೆ ಇಟ್ಟುದರಲ್ಲಿ ಅವರ ಅನುಭವವು ಕಾಣುತ್ತದೆ. ಮೇಜಿನ ಆಟದಲ್ಲಿ ಮಾತ್ರ ದಂಡದಿಂದ ಭೇದವು ಮೊದಲಾಗಿ, ಆಮೇಲೆ ನಯವು ಬರುತ್ತದೆ. ಒಡೆದ ಗುಂಡುಗಳನ್ನು ಮರಳಿ ಕೂಡಿಸಿಡುವುದು ಅಲ್ಲಿ ಒಂದು ನಿಮಿಷದ ಕೆಲಸ. ಸಂಸಾರದಲ್ಲಿ ಹಾಗೆ ಮೊದಲು ಮಾಡಿದವರು ಚದುರಿದುದನ್ನು ಕೂಡಿಸುವುದಕ್ಕೆ ಬಹುಕಾಲ ಬೇಕು. ಆಟಗಾರನಿಗೆ ಎರಡು ಕೋಲುಗಳುಂಟು. ಒಂದು ಸವೆದರೆ ಅಂಗಡಿಯಲ್ಲಿ ಮತ್ತೊಂದು ದೊರೆಯುತ್ತದೆ. ಗೃಹಸ್ಥನಿಗೆ ಇರುವುದು ಒಂದೇ ನಾಲಗೆ. ಗದರಿಸುವುದೂ ಅದರಿಂದಲೇ, ಬುದ್ಧಿ ಹೇಳುವುದೂ ಅದರಿಂದಲೇ. ಒಡೆಯುವ ಕೆಲಸಕ್ಕೆ ಅದನ್ನು ದಿನವೂ ಬಳಸಿದರೆ ತುದಿ ಒರಟಾಗುತ್ತದೆ. ಮೆಲ್ಲಗೆ ಒಂದು ಮಾತನ್ನು ಮಗನಿಗೆ ಮುಟ್ಟಿಸಬೇಕಾದ ದಿನ ಬಂದಾಗ ಅದು ಗುರಿಯನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಆದಕಾರಣ ಮಕ್ಕಳಿರುವ ಮನೆಯಲ್ಲಿ ಹಿರಿಯರು ಅದನ್ನು ಆಡುವ ಕೋಲೆಂದೇ ತಿಳಿದು ಕಾಪಾಡಿಕೊಳ್ಳುವುದು ಮೇಲು.