ಮೂರು ಬಗೆಯ ಕಪ್ಪು

ಹುರಿಯುವ ಕೆಲಸವನ್ನು ಬಲ್ಲವರಿಗೆ ಕಪ್ಪೆಂಬುದು ಒಂದೇ ಬಣ್ಣವಲ್ಲ. ಕಾಫಿಬೀಜವು ಕಂದುಬಣ್ಣವನ್ನು ದಾಟಿ ಎಣ್ಣೆಯಾಡುವುದಕ್ಕೂ, ಅಲ್ಲಿಂದ ಮುಂದೆ ಸೀದುಹೋಗುವುದಕ್ಕೂ ನಡುವೆ ಇರುವ ಹೊತ್ತು ಬಹು ಸ್ವಲ್ಪ. ರುಚಿಯೆಲ್ಲವೂ ಆ ಸ್ವಲ್ಪದಲ್ಲಿಯೇ ಅಡಗಿದೆ. ಜವೆಗೋದಿಯ ವಿಷಯವೂ ಹೀಗೆಯೇ ಎಂದು ನಾನು ತಿಳಿದದ್ದು ಇಂಗ್ಲೆಂಡಿನಲ್ಲಿರುವ ನನ್ನ ಮಗನ ಅಡಿಗೆಮನೆಯಲ್ಲಿ.

ಆ ದೇಶದಲ್ಲಿ ಸ್ವಂತಕ್ಕೆಂದು ಮನೆಯಲ್ಲಿ ಬಿಯರು ಮಾಡಿಕೊಳ್ಳುವುದಕ್ಕೆ 1963ರಿಂದೀಚೆಗೆ ಪರವಾನಗಿ ಬೇಕಿಲ್ಲ. ಮಗನಿಗೆ ಅದೊಂದು ಹವ್ಯಾಸ. ನಾನಾದರೋ ಮದ್ಯವನ್ನು ಮುಟ್ಟಿದವನಲ್ಲ. ನಮ್ಮ ಮನೆತನದಲ್ಲಿ ಅದರ ಮಾತೂ ಬರುತ್ತಿರಲಿಲ್ಲ. ಆದಕಾರಣ ನನಗೆ ತಿಳಿದಿದ್ದರೂ ತಿಳಿಯದವನಂತೆ ನಾನೂ, ತಿಳಿದಿದೆಯೆಂದು ಅರಿತಿದ್ದರೂ ಅರಿಯದವನಂತೆ ಅವನೂ ಕೆಲವು ವರ್ಷ ಕಳೆದೆವು. ಕಳೆದ ಚಳಿಗಾಲದಲ್ಲಿ ಅವನೇ ಮೂರು ಬಟ್ಟಲುಗಳನ್ನು ಮುಂದಿಟ್ಟು, "ಅಪ್ಪ, ಇದು ಬರಿಯ ಧಾನ್ಯ. ಕಾಫಿಯನ್ನು ನೋಡುವ ಹಾಗೆ ಇದನ್ನೂ ಸ್ವಲ್ಪ ನೋಡಿ ಹೇಳುತ್ತೀರಾ?" ಎಂದನು. ಧಾನ್ಯವನ್ನು ಒಲ್ಲೆನೆನ್ನುವುದು ಹೇಗೆ?

ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಗೆ ಮಾಲ್ಟೆಂದು ಹೆಸರು. ರಾಗಿಯನ್ನು ನಾವು ಮಾಡುವುದಿಲ್ಲವೆ, ಹಾಗೆ. ಬಿಯರಿನಲ್ಲಿ ಹೆಚ್ಚಿನ ಪಾಲು ತಿಳಿಬಣ್ಣದ ಮಾಲ್ಟಿನದೇ. ಕಪ್ಪಾಗಿ ಹುರಿದದ್ದು ನೂರಕ್ಕೆ 5–6 ಪಾಲು ಸೇರಿದರೆ ಸಾಕು, ಪಾತ್ರೆಯೆಲ್ಲ ಕಪ್ಪಾಗುತ್ತದೆ. ಮೊದಲನೆಯ ಬಟ್ಟಲಿನಲ್ಲಿದ್ದುದು ಚಾಕೊಲೇಟು ಮಾಲ್ಟು. ಅದರಲ್ಲಿ ಚಾಕೊಲೇಟೇನೂ ಇಲ್ಲ, ಬಣ್ಣದಿಂದ ಬಂದ ಹೆಸರು. ಎರಡನೆಯದು ಅದಕ್ಕಿಂತ ಹೆಚ್ಚು ಹುರಿದ ಕರಿಮಾಲ್ಟು. ಮೂರನೆಯದು ಮೊಳಕೆಯನ್ನೇ ಬರಿಸದೆ ಹುರಿದ ಜವೆಗೋದಿ.

ಕರಿಮಾಲ್ಟಿಗೆ ಒಂದು ಚರಿತ್ರೆಯುಂಟು. ಲಂಡನ್ನಿನ ಪೋರ್ಟರ್ ಎಂಬ ಬಿಯರಿಗೆ ಮೊದಲು ಕಂದುಮಾಲ್ಟೇ ಆಧಾರವಾಗಿತ್ತು. ತಿಳಿಮಾಲ್ಟಿನಿಂದ ಹೆಚ್ಚು ಸಾರ ಬರುವುದೆಂದು ದ್ರವಮಾಪಕದಿಂದ ಗೊತ್ತಾದಮೇಲೆ ತಯಾರಕರು ಅದರ ಕಡೆಗೆ ತಿರುಗಿದರು. ಆದರೆ ಬಣ್ಣ ಹೋಯಿತು. ಸುಟ್ಟ ಸಕ್ಕರೆಯಿಂದ ಬಣ್ಣ ಕಟ್ಟೋಣವೆಂದರೆ 1816ರ ಕಾನೂನು ಅದನ್ನು ನಿಷೇಧಿಸಿತು. ಮರುವರ್ಷ, 1817ರಲ್ಲಿ, ಡೇನಿಯಲ್ ವೀಲರ್ ಎಂಬಾತನು ತಿರುಗುವ ಕಬ್ಬಿಣದ ಉರುಳೆಯಲ್ಲಿ ಮಾಲ್ಟನ್ನು ಕಪ್ಪಾಗಿ ಹುರಿಯುವ ಕ್ರಮಕ್ಕೆ ಪೇಟೆಂಟು ಪಡೆದನು. ನಮ್ಮ ತಾಯಿಯವರು ಕೆಂಡದ ಮೇಲೆ ತಿರುಗಿಸುತ್ತಿದ್ದ ಕಾಫಿ ಹುರಿಯುವ ಉರುಳೆಯೂ ಅದೇ ಜಾತಿಯದು. ಹೊಗೆ ನೀಲಿಗೆ ತಿರುಗುವುದನ್ನು ನೋಡಿ ಅವರು ಬೀಜವನ್ನು ಮೊರಕ್ಕೆ ಸುರಿಯುತ್ತಿದ್ದರು, ಗಡಿಯಾರವನ್ನು ನೋಡಿದವರಲ್ಲ.

ಮೊದಲು ಕಾಳುಗಳನ್ನು ಅಗಿದು ನೋಡಿದೆವು. ಆಮೇಲೆ 40 ಗ್ರಾಂ ತಿಳಿಮಾಲ್ಟಿಗೆ 10 ಗ್ರಾಂ ಕಪ್ಪು ಬೆರೆಸಿ, ಪುಡಿಮಾಡಿ, 65 ಡಿಗ್ರಿಯ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಬೇರೆಬೇರೆಯಾಗಿ ಸೋಸಿದೆವು. ಕಣ್ಣಿಗೆ ಮೂರೂ ಕಪ್ಪೇ. ನಾಲಗೆಗೆ ಹಾಗಲ್ಲ. ಚಾಕೊಲೇಟು ಮಾಲ್ಟಿನದರಲ್ಲಿ ಹುರಿದ ಕಡಲೆಕಾಯಿಯ ಸಿಪ್ಪೆಯ ವಾಸನೆ, ಹಿಂದೆ ಸ್ವಲ್ಪ ಸಿಹಿ. ಹುರಿದ ಜವೆಗೋದಿಯದು ಚಿಕೋರಿ ಬೆರೆಸದ ಡಿಕಾಕ್ಷನ್ನೇ ಸರಿ, ಒಣಕಹಿ, ಚುರುಕು. ಕರಿಮಾಲ್ಟು ಮಾತ್ರ ನನಗೆ ಹಿಡಿಸಲಿಲ್ಲ. ಬೂದಿಯ ಛಾಯೆ, ಗಂಟಲಿನಲ್ಲಿ ನಿಲ್ಲುವ ಒಗರು. ಆ ಒಗರಿಗೆ ಸಿಪ್ಪೆಯೂ ಒಂದು ಕಾರಣವೆಂದೂ, ಜರ್ಮನಿಯ ಬಾಂಬೆರ್ಗಿನಲ್ಲಿ ಸಿಪ್ಪೆ ತೆಗೆದು ಹುರಿದ ಮಾಲ್ಟನ್ನೂ ಮಾಡುತ್ತಾರೆಂದೂ ಮಗ ಹೇಳಿದನು.

ಹುರಿದ ಜವೆಗೋದಿ ಇದ್ದರೆ ಸ್ಟೌಟು, ಕರಿಮಾಲ್ಟಿದ್ದರೆ ಪೋರ್ಟರು ಎಂದು ಅವನ ಸ್ನೇಹಿತರಲ್ಲೊಂದು ವಾದವಿದೆಯಂತೆ. ನನಗೆ ಇದು ಹಿಡಿಸದ ವಿಂಗಡಣೆ. ಮಾಲ್ಟಿನ ಮೇಲೆ ತೆರಿಗೆಯಿದ್ದ 1880ರವರೆಗೆ ಬ್ರಿಟನ್ನಿನ ತಯಾರಕರು ಮೊಳಕೆ ಬರಿಸದ ಧಾನ್ಯವನ್ನು ಬಳಸುವಂತೆಯೇ ಇರಲಿಲ್ಲ. ಸ್ಟೌಟೆಂಬ ಹೆಸರೋ ಅದಕ್ಕಿಂತ ಎಷ್ಟೋ ಹಳೆಯದು, ಗಟ್ಟಿಯಾದ ಪೋರ್ಟರೆಂಬ ಅರ್ಥದ್ದು.

ಮುಂದೆ ಅವನು ಮೂರು ಜಾಡಿಗಳಲ್ಲಿ ಒಂದೊಂದು ಕಿಲೋ ತಿಳಿಮಾಲ್ಟಿಗೆ 60 ಗ್ರಾಂನಂತೆ ಒಂದೊಂದು ಕಪ್ಪನ್ನು ಸೇರಿಸಿ ಹುದುಗಿಟ್ಟನು. ತಿಂಗಳು ಕಳೆದಮೇಲೆ ಲೋಟಗಳನ್ನು ನನ್ನ ಮೂಗಿನ ಬಳಿಗೆ ತಂದನು. ನಾನು ಕುಡಿಯಲಿಲ್ಲ, ಅವನು ಕುಡಿಯೆನ್ನಲೂ ಇಲ್ಲ. ಮೂಸಿದಮಾತ್ರಕ್ಕೆ ಜವೆಗೋದಿಯದನ್ನು ಗುರುತಿಸಿದೆ. ಉಳಿದೆರಡನ್ನು ಬೇರ್ಪಡಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಚಾಕೊಲೇಟು 40, ಜವೆಗೋದಿ 20 ಮಾಡಿ ನೋಡು; ಕರಿಯದನ್ನು ಬಿಡು" ಎಂದೆ. ಅವನು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಸೋಸಿದ ಚರಟವನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಲು ಹೋದನು.